ಕೈ ಹೋಗದ ಪೆಟ್ಟಿಗೆ

ಹನ್ನೊಂದನೇ ವಯಸ್ಸಿಗೆ ನನ್ನನ್ನು ಗ್ಯಾರೇಜಿಗೆ ಸೇರಿಸಿಕೊಂಡದ್ದು ನನ್ನ ಕೈ ಸಣ್ಣದಿತ್ತು ಅನ್ನುವ ಒಂದೇ ಕಾರಣಕ್ಕೆ. ಜೇವರ್ಗಿಯಲ್ಲಿ ಲಾರಿಗಳ ವೈರಿಂಗ್ ಮಾಡುತ್ತಿದ್ದ ಮಿಸ್ತ್ರಿ ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿ, ‘ಇದು ಡ್ಯಾಶ್‌ಬೋರ್ಡ್ ಹಿಂದ ಹೋಗ್ತದ, ನಾಳಿಂದ ಕಳಸ್ರಿ’ ಅಂತ ಮಾಮನಿಗೆ ಹೇಳಿದರು. ದೊಡ್ಡವರ ಕೈ ಹೋಗದ ಸಂದಿಯೊಳಗೆ ನಟ್ಟು ಹಿಡಿಯುವುದೇ ನನ್ನ ಕೆಲಸ. ಅಂಥ ಸಂದಿಯಲ್ಲಿ ತಗಡು ಹರಿದ ಗೆರೆ ಎಡಗೈ ಮೇಲೆ ಇಂದಿಗೂ ಇದೆ.

ಆ ಕೈ ಈಗ ದೊಡ್ಡದಾಗಿದೆ. ಲಾರಿಗಳೊಳಗಿನ ಜಾಗ ಮಾತ್ರ ದೊಡ್ಡದಾಗಿಲ್ಲ.

ತೊಗರಿ ಹಂಗಾಮಿನಲ್ಲಿ ಒಂದು ರಾತ್ರಿ, ಆಳಂದದ ಕಡೆಯಿಂದ ಮಾಲು ತುಂಬಿಕೊಂಡು ವಿಜಯಪುರಕ್ಕೆ ಹೊರಟಿದ್ದ ಲಾರಿ ನಮ್ಮ ಕ್ರಾಸಿನಲ್ಲಿ ನಿಂತಿತು. ಹಿಂದೆ ಒಂದು ದೀಪವೂ ಇಲ್ಲ. ಹೊಸ ಫ್ಯೂಸ್ ಹಾಕಿದ ಕೂಡಲೇ ಹಾರುತ್ತಿತ್ತು. ಎಲ್ಲೋ ವೈರು ಬಾಡಿಗೆ ತಾಗಿದೆ ಅಂತ ಗೊತ್ತಾಯಿತು. ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕುತ್ತ ಹೋದರೆ ಜಾಡು ಬಂದು ಮುಟ್ಟಿದ್ದು ಡ್ರೈವರ್ ಮಲಗುವ ಹಲಗೆಯ ಕೆಳಗಿನ ಪೆಟ್ಟಿಗೆಗೆ. ಲಾರಿಯವರ ಸಂಸಾರವೆಲ್ಲ ಅದರೊಳಗೇ: ಸ್ಟೋವ್, ಹಿಟ್ಟಿನ ಡಬ್ಬಿ, ಹಾಸಿಗೆ, ಜಾಕ್, ಕಾಗದಪತ್ರದ ಚೀಲ. ಮುಂದೆ ಒಂದು ಗೇಣಿನ ಬಾಯಿ. ವೈರಿನ ಕಟ್ಟು ಹೋಗಿದ್ದು ಪೆಟ್ಟಿಗೆಯ ಹಿಂಗೋಡೆಗೂ ಕ್ಯಾಬಿನ್ ತಗಡಿಗೂ ನಡುವೆ. ಮೇಲೆ ಪ್ಲೈವುಡ್, ಅದಕ್ಕೆ ಸುತ್ತಲೂ ರಿವೆಟ್, ಅದರ ಮೇಲೆ ಅಂಟಿಸಿದ ರೆಕ್ಸಿನ್.

ಹೊಟ್ಟೆ ಮೇಲೆ ಮಲಗಿ ತೋಳು ಹಾಕಿದೆ. ಮೊಣಕೈಗೆ ಬಂದು ಸಿಕ್ಕಿತು. ಡ್ರೈವರ್ ಬ್ಯಾಟರಿ ಹಿಡಿದು ನಿಂತಿದ್ದ. ‘ಮಿಸ್ತ್ರಿ, ಸಣ್ಣ ಹುಡುಗ ಯಾರರೆ ಅದಾನೇನ್ರಿ?’ ಅಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಎಲ್ಲ ಗ್ಯಾರೇಜಿನಲ್ಲೂ ಕೇಳುವ ಮಾತು ಅದು. ಇಲ್ಲ ಅಂದೆ. ಕೊನೆಗೆ ರೆಕ್ಸಿನ್ ಹರಿದು, ರಿವೆಟ್ ತಲೆಗಳನ್ನು ಚಾಣದಿಂದ ಹಾರಿಸಿ, ಹಲಗೆ ಎತ್ತಿದೆ. ಕಬ್ಬಿಣದ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ಸವೆದ ವೈರು, ಎರಡು ಇಂಚು. ಕೂಡಿಸಿ ಟೇಪ್ ಸುತ್ತಲು ಹತ್ತು ನಿಮಿಷ. ಅಲ್ಲಿಗೆ ಹೋಗಲು ಮೂರು ತಾಸು. ವೈರು ಸುಟ್ಟ ಕಪ್ಪು ಕಲೆಯಿಂದ ಆತನ ಹಾಸಿಗೆ ಒಂದು ಮೊಳವೂ ದೂರವಿರಲಿಲ್ಲ.

ಈ ಮಾತು ಈಗಲೇ ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಮತ್ತು ಮಧ್ಯಮ ಟ್ರಕ್ಕುಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಎಂಜಿನ್ ಪಕ್ಕ ಕೂತು ಬೇಯುವವರನ್ನು ದಿನಾ ನೋಡುವ ನಾನು ಈ ನಿಯಮವನ್ನು ಎರಡು ಕೈಯಿಂದ ಸ್ವಾಗತಿಸುತ್ತೇನೆ. ಆದರೆ ಎಸಿ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಇನ್ನೊಂದು ತುಂಬಿದ ಪೆಟ್ಟಿಗೆ: ಕಾಯಿಲ್, ಬ್ಲೋವರ್, ಫಿಲ್ಟರ್, ನೀರು ಹೊರಹೋಗುವ ಸಣ್ಣ ಪೈಪು. ನಮ್ಮ ಕರಿಮಣ್ಣಿನ ಧೂಳು, ತೊಗರಿ ಹೊಟ್ಟು ಫಿಲ್ಟರನ್ನು ಬೇಗ ಕಟ್ಟಿಸುತ್ತವೆ. ಪೈಪು ಕಟ್ಟಿತೆಂದರೆ ನೀರು ಒಳಗೇ ಸೋರುತ್ತದೆ, ಪಕ್ಕದಲ್ಲಿ ಫ್ಯೂಸ್ ಡಬ್ಬಿ ಇದ್ದರೆ ಅದರ ಮೇಲೂ. ಕೈ ಹಾಕಿ ಫಿಲ್ಟರ್ ತೆಗೆಯಲು ಬರದಿದ್ದರೆ ಯಾರೂ ತೆಗೆಯುವುದಿಲ್ಲ. ಆಗ ಎಸಿ ಇದ್ದೂ ಡ್ರೈವರ್ ಗಾಜು ಇಳಿಸಿಕೊಂಡೇ ಓಡಿಸಬೇಕು.

ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು. ಅದೇ ಡಿಸೆಂಬರ್ 24ರಂದು ಪೋರ್ಟಲ್ಲೂ ಬಂತು. ಮೊಬೈಲು, ಮನೆಯ ಉಪಕರಣ, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಒಳ್ಳೆಯದೇ. ಬಿಡಿಭಾಗ ಸಿಗಬೇಕು, ಮಾಹಿತಿ ಪುಸ್ತಕ ಸಿಗಬೇಕು. ಬಿಡಿಭಾಗ ಕೂರಿಸಲು ಪಾನಾ ತಿರುಗುವಷ್ಟು ಜಾಗವೂ ಸಿಗಬೇಕು. ಕ್ಯಾಬಿನ್ ತಂಪಾಗುತ್ತದೆಯೇ ಎಂದು ಪರೀಕ್ಷೆ ಮಾಡುವವರು, ಬೆಳೆದ ಮನುಷ್ಯನ ಕೈ ಪಾನಾ ಸಮೇತ ಫ್ಯೂಸಿಗೂ ಫಿಲ್ಟರಿಗೂ ಮುಟ್ಟುತ್ತದೆಯೇ ಎಂದೂ ನೋಡಿ ಮುದ್ರೆ ಒತ್ತಲಿ. ಇದು ನನ್ನ ಬೇಡಿಕೆ.

ನಮ್ಮ ಹಿರಿಯರು ಜೋಳ ತುಂಬಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಒಳಗೆ ಹೊಟ್ಟೆ ಎಷ್ಟು ದೊಡ್ಡದಿದ್ದರೂ ಮೇಲಿನ ಬಾಯಿ ಸಣ್ಣದು, ಆದರೂ ಒಬ್ಬ ಆಳು ಇಳಿಯುವಷ್ಟು ಇರುತ್ತಿತ್ತು. ತುಂಬುವಾಗಲೇ ತೆಗೆಯುವವನ ನೆನಪು ಅವರಿಗಿತ್ತು.

ಕಂಪನಿಗಳು ನನ್ನ ಮಾತು ಕೇಳಲು ದಿನ ಹಿಡಿಯಬಹುದು. ಬಾಡಿ ಕಟ್ಟುವವರು ನಮ್ಮ ನಡುವೆಯೇ ಇದ್ದಾರೆ, ಅವರಿಗೂ ಲಾರಿ ಮಾಲೀಕರಿಗೂ ಇವತ್ತೇ ಹೇಳಬಹುದು. ಮಲಗುವ ಹಲಗೆಗೆ ರಿವೆಟ್ ಬೇಡ, ಉದ್ದಕ್ಕೂ ಬಿಜಾಗರಿ ಹಾಕಿ ಮೇಲಕ್ಕೆ ಎತ್ತುವ ಹಾಗೆ ಮಾಡಿ. ವೈರು ಕಬ್ಬಿಣ ದಾಟುವ ಪ್ರತಿ ತೂತಿಗೂ ಬುಷ್ ಇರಲಿ, ವೈರು ಅರ್ಧ ಅಡಿ ಸಡಿಲು ಇರಲಿ. ಬಾಗಿಲು ಮಾಡಿದರೆ ಧೂಳು ಬರುತ್ತದೆ, ಕಳ್ಳರು ಕೈ ಹಾಕುತ್ತಾರೆ ಅನ್ನುತ್ತಾರೆ. ಧೂಳಿಗೆ ಅಂಚಿನ ರಬ್ಬರ್ ಇದೆ, ಕಳ್ಳರಿಗೆ ಬೀಗ ಇದೆ.

ಗಾಣಗಾಪುರದ ರಸ್ತೆಯಲ್ಲಾಗಲಿ ಅಫಜಲಪುರದ ಕಬ್ಬಿನ ಹಾದಿಯಲ್ಲಾಗಲಿ ಹಿಂದಿನ ದೀಪ ಇಲ್ಲದ ಗಾಡಿ ರಾತ್ರಿ ನಿಂತರೆ ಏನಾಗುತ್ತದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಡ್ರೈವರ್‌ಗಳು ದೀಪ ಹೋದರೂ ‘ಊರು ಮುಟ್ಟಿದ ಮ್ಯಾಲ ನೋಡೋಣು’ ಅಂತ ಹೊರಡುವುದು ಸೋಮಾರಿತನದಿಂದಲ್ಲ. ಬಿಚ್ಚಲು ಅರ್ಧ ರಾತ್ರಿ ಹೋಗುತ್ತದೆ, ಮಾಲು ಬೆಳಗಿಗೆ ಮುಟ್ಟಬೇಕು.

ಇನ್ನು ಹುಡುಗರ ವಿಷಯ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದ ಮೇಲೆ 14 ತುಂಬದವರನ್ನು ಗ್ಯಾರೇಜಿನಲ್ಲಿ ಆಳಾಗಿ ಇಡುವಂತಿಲ್ಲ. ಆದರೂ ಸಂದಿ ಇರುವವರೆಗೆ ಸಣ್ಣ ಕೈಗೆ ಬೆಲೆ ಇರುತ್ತದೆ, ನನಗೆ ಗೊತ್ತು.

ಅಫಜಲಪುರದ ಒಬ್ಬ ಮಾಲೀಕರು ಹಳೆ ಲಾರಿಗೆ ಹೊಸ ಹಲಗೆ ಹಾಕಿಸುವಾಗ ನನ್ನನ್ನು ಕರೆಸಿದ್ದರು. ಬಡಿಗೇರ ಅಣ್ಣ ಪೆನ್ಸಿಲ್ ಹಿಡಿದು, ಬಾಯಿ ಎಷ್ಟು ಬಿಡಲಿ ಅಂದ. ಪಾನಾ ಹಿಡಿದ ಕೈಯನ್ನು ಪ್ಲೈವುಡ್ ಮೇಲಿಟ್ಟೆ. ಸುತ್ತಲೂ ಗೆರೆ ಎಳೆದ, ಎರಡು ಬೆರಳು ಬಿಟ್ಟು ಕೊಯ್ದ.