ಮನೆಗಿಂತ ಮೊದಲು ಓಣಿಯನ್ನು ನೋಡಬೇಕು

ಏಪ್ರಿಲ್ ತಿಂಗಳು ಕಳೆಯುತ್ತಿದ್ದಂತೆ ಶ್ರೀಮಠಕ್ಕೆ ಬರುವ ಭಕ್ತರ ಮಾತಿನಲ್ಲಿ ಬೆಂಗಳೂರಿನ ಪ್ರಸ್ತಾಪ ಹೆಚ್ಚಾಗುತ್ತದೆ. ಮಗನಿಗೋ ಮಗಳಿಗೋ ಅಲ್ಲಿ ನೌಕರಿಯಾಗಿದೆ, ಮೊಮ್ಮಗುವಿನ ಶಾಲೆ ಜೂನ್‌ನಲ್ಲಿ ಆರಂಭವಾಗುತ್ತದೆ, ಅಷ್ಟರೊಳಗೆ ಒಂದು ಮನೆ ಗೊತ್ತಾಗಬೇಕು. ನಿವೃತ್ತರಾದ ಹಿರಿಯರೂ ಊರಿನ ಮನೆಗೆ ಬೀಗ ಹಾಕಿ ಮಕ್ಕಳೊಂದಿಗೆ ಹೊರಡುವ ಸಿದ್ಧತೆಯಲ್ಲಿರುತ್ತಾರೆ. ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿಯೆಲ್ಲ ಪಯಣಿಸಿ, ಬೆಳಿಗ್ಗೆ ಯಶವಂತಪುರದಲ್ಲಿಳಿದು, ದಲ್ಲಾಳಿಯ ಬೈಕಿನ ಹಿಂದೆ ಆಟೋದಲ್ಲಿ ಸುತ್ತಿ, ಎರಡು ದಿನಗಳಲ್ಲಿ ಆರೇಳು ಮನೆಗಳನ್ನು ನೋಡಿ, ಒಂದಕ್ಕೆ ಮುಂಗಡ ಕೊಟ್ಟು ಮರಳುತ್ತಾರೆ.

ಆ ಎರಡು ದಿನಗಳಲ್ಲಿ ಕೇಳಲಾಗುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಕೋಣೆಗಳೆಷ್ಟು? ಬಾಗಿಲು ಯಾವ ದಿಕ್ಕಿಗಿದೆ? ಕಾರು ನಿಲ್ಲಿಸಲು ಸ್ಥಳವಿದೆಯೆ? ಕಾವೇರಿ ನೀರು ಬರುತ್ತದೆಯೆ, ಟ್ಯಾಂಕರೇ ಗತಿಯೆ? 2024ರ ಬೇಸಿಗೆಯಲ್ಲಿ ಆ ನಗರ ಪಟ್ಟ ಬವಣೆಯನ್ನು ಬಲ್ಲವರು ಈ ಕೊನೆಯ ಪ್ರಶ್ನೆಯನ್ನು ಕೇಳುವುದು ಸರಿಯೇ ಆಗಿದೆ. ಇವೆಲ್ಲ ಮುಗಿದ ಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ಸುತ್ತಮುತ್ತ ನಮ್ಮವರು ಇದ್ದಾರೆಯೆ? ಕೇಳದೆ ಉಳಿಯುವ ಪ್ರಶ್ನೆಯೂ ಒಂದಿದೆ. ಈ ಮನೆಯ ಬಾಗಿಲಿನಿಂದ ಹೊರಟ ಅಜ್ಜಿಯವರು ಯಾರ ಹಂಗೂ ಇಲ್ಲದೆ, ತಾವೊಬ್ಬರೇ ನಡೆದು ಎಲ್ಲಿಗೆ ಹೋಗಬಲ್ಲರು?

ಧಾರವಾಡ, ಗದಗ, ಬೈಲಹೊಂಗಲದಂಥ ಊರುಗಳಲ್ಲಿ ಬಾಳಿದವರಿಗೆ ಈ ಪ್ರಶ್ನೆ ಹೊಳೆಯದಿರುವುದು ಸಹಜ. ಅಲ್ಲಿ ಮನೆ ಬೇರೆ, ಓಣಿ ಬೇರೆ ಎಂಬ ಭೇದವೇ ಇಲ್ಲ. ಹೊಸ್ತಿಲು ದಾಟಿದರೆ ಓಣಿ. ಓಣಿಯ ತುದಿಗೆ ಕಿರಾಣಿ ಅಂಗಡಿ, ಅದರ ಮಗ್ಗುಲಿಗೆ ಹಿಟ್ಟಿನ ಗಿರಣಿ, ಮುಂದೆ ಗುಡಿಯ ಕಟ್ಟೆ, ಕಟ್ಟೆಯ ಮೇಲೆ ದಿನಪತ್ರಿಕೆಯನ್ನು ಹಂಚಿಕೊಂಡು ಓದುವ ನಾಲ್ವರು ಹಿರಿಯರು. ಇದೆಲ್ಲ ಬಾಡಿಗೆ ಕೊಡದೆ ದೊರೆತದ್ದು. ಆದ್ದರಿಂದಲೇ ಅದಕ್ಕೆ ಬೆಲೆ ಇದೆಯೆಂಬುದು ಗಮನಕ್ಕೆ ಬಂದಿರುವುದಿಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಗೋಡೆ, ನೆಲ, ನಲ್ಲಿಗಳನ್ನು ಪರೀಕ್ಷಿಸಿ ನೋಡುವ ಕುಟುಂಬವು ಓಣಿಯನ್ನು ನೋಡುವುದೇ ಇಲ್ಲ. ಓಣಿ ಎಲ್ಲ ಕಡೆ ಇದ್ದೇ ಇರುತ್ತದೆ ಎಂದು ಅದು ನಂಬಿರುತ್ತದೆ.

ಹೀಗಾಗಿ ಅನೇಕರು ನಗರದ ಅಂಚಿನಲ್ಲಿ ಎತ್ತರದ ಕಾಂಪೌಂಡು ಕಟ್ಟಿದ ಅಪಾರ್ಟ್‌ಮೆಂಟುಗಳಿಗೆ ಹೋಗಿ ಸೇರುತ್ತಾರೆ. ಅವುಗಳಲ್ಲಿ ಗುಣವಿಲ್ಲವೆಂದಲ್ಲ. ಲಿಫ್ಟ್ ಇದೆ, ಕಾವಲುಗಾರರಿದ್ದಾರೆ, ಮಕ್ಕಳು ವಾಹನದ ಭಯವಿಲ್ಲದೆ ಆಡಲು ಅಂಗಳವಿದೆ, ವಿದ್ಯುತ್ ಹೋದರೆ ಜನರೇಟರ್ ಇದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಇವು ಸಣ್ಣ ಅನುಕೂಲಗಳಲ್ಲ. ಆದರೆ ಗೇಟಿನಾಚೆ ಏನಿದೆ? ಬಹುತೇಕ ಕಡೆ ಪಾದಚಾರಿ ಮಾರ್ಗವಿಲ್ಲದ, ಲಾರಿಗಳು ಧೂಳೆಬ್ಬಿಸುವ ರಸ್ತೆ. ಒಂದು ಕಟ್ಟು ಮೆಂತ್ಯಕ್ಕೂ ಮೊಬೈಲಿನ ಆ್ಯಪ್ ತೆರೆಯಬೇಕು, ಇಲ್ಲವೇ ಕಾರು ತೆಗೆಯಬೇಕು. ಊರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ದಾರಿಯಲ್ಲಿ ಹತ್ತು ಜನರಿಂದ ನಮಸ್ಕಾರ ಪಡೆಯುತ್ತಿದ್ದ ಮಾಸ್ತರರು ಇಲ್ಲಿ ಕಟ್ಟಡದ ಸುತ್ತ ಪ್ರತಿ ಸಂಜೆ ಹನ್ನೆರಡು ಸುತ್ತು ಹಾಕುತ್ತಾರೆ. ಕಾವಲುಗಾರನಿಗೆ ಅವರ ಫ್ಲಾಟಿನ ಸಂಖ್ಯೆ ಗೊತ್ತು, ಹೆಸರು ಗೊತ್ತಿಲ್ಲ. ದೀಪಾವಳಿಗೆಂದು ಊರಿಗೆ ಬಂದವರು ತಿರುಗಿ ಹೋಗಲು ಒಪ್ಪುವುದಿಲ್ಲ. ‘ಅಪ್ಪನಿಗೆ ಬೆಂಗಳೂರು ಒಗ್ಗಲಿಲ್ಲ’ ಎಂದು ಮಕ್ಕಳು ಹೇಳುತ್ತಾರೆ. ಆದರೆ ಅವರು ಬೆಂಗಳೂರನ್ನು ನೋಡಿದ್ದು ಯಾವಾಗ?

ನೋಡಲು ಸಿಗುವ ಬೆಂಗಳೂರು ಇನ್ನೂ ಇದೆ. 1537ರಲ್ಲಿ ಕೆಂಪೇಗೌಡರು ನೆಲೆಗೊಳಿಸಿದ ಪೇಟೆಯ ಭಾಗಗಳ ಹೆಸರನ್ನೇ ಗಮನಿಸಬಹುದು: ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಒಂದೊಂದು ಕಸುಬಿಗೆ, ಒಂದೊಂದು ಸರಕಿಗೆ ಒಂದೊಂದು ಹೆಸರು. ಆದರೆ ಒಂದರಿಂದ ಇನ್ನೊಂದಕ್ಕೆ ಕಾಲ್ನಡಿಗೆಯ ದೂರ. ಪೇಟೆಯ ಪಕ್ಕದಲ್ಲಿಯೇ 1892ರಲ್ಲಿ ರೂಪುಗೊಂಡದ್ದು ಚಾಮರಾಜಪೇಟೆ. ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಅಲ್ಲಿಯೇ. ಈದ್ಗಾ ಮೈದಾನವಿರುವುದೂ ಅಲ್ಲಿಯೇ. ಕೃಷ್ಣರಾಜೇಂದ್ರ ಮಾರುಕಟ್ಟೆ, ವಿಕ್ಟೋರಿಯಾ ಆಸ್ಪತ್ರೆ, ಮಿಂಟೋ ಕಣ್ಣಾಸ್ಪತ್ರೆಗಳೆಲ್ಲ ಸಮೀಪದಲ್ಲಿವೆ. 2017ರಿಂದ ಮಾರುಕಟ್ಟೆಯ ಬಳಿ ಮೆಟ್ರೋ ನಿಲ್ದಾಣವೂ ಇದೆ. ಕನ್ನಡ, ತಮಿಳು, ತೆಲುಗು, ಉರ್ದು ಮಾತುಗಳು ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಹಳೆಯ ಮನೆಗಳಲ್ಲಿ ಗಾಳಿ ಬೆಳಕು ಕಡಿಮೆ, ವಾಹನ ನಿಲ್ಲಿಸಲು ಸ್ಥಳವಿಲ್ಲ, ಗದ್ದಲ ಹೆಚ್ಚು ಎಂಬ ದೂರುಗಳೂ ನಿಜವೇ. ಆದರೂ ಅಲ್ಲಿ ವಾಸಿಸುವ ವೃದ್ಧರೊಬ್ಬರಿಗೆ ಔಷಧದ ಅಂಗಡಿಗೋ ಗುಡಿಗೋ ವಾಚನಾಲಯಕ್ಕೋ ಹೋಗಲು ಮಗನ ರಜೆಗಾಗಿ ಕಾಯುವ ಪ್ರಸಂಗ ಬಾರದು.

ಚಾಮರಾಜಪೇಟೆಗೇ ಹೋಗಿ ನೆಲೆಸಬೇಕೆಂಬ ಒತ್ತಾಯ ಇಲ್ಲಿಲ್ಲ. ಬಸವನಗುಡಿ, ಮಲ್ಲೇಶ್ವರಗಳ ಬಾಡಿಗೆಯನ್ನು ಎಲ್ಲರೂ ತೆರಲಾರರು. ಹನುಮಂತನಗರ, ವಿಜಯನಗರ, ರಾಜಾಜಿನಗರದ ಒಳ ಅಡ್ಡರಸ್ತೆಗಳಲ್ಲಿ ಸಾಧಾರಣ ಸಂಬಳದವರಿಗೂ ಎಟುಕಬಲ್ಲ ಚಿಕ್ಕ ಮನೆಗಳು ದೊರೆಯುತ್ತವೆ. ಉತ್ತರ ಕರ್ನಾಟಕದ ಖಾನಾವಳಿಗಳೂ ಆ ಭಾಗದಲ್ಲಿವೆ. ಜೋಳದ ರೊಟ್ಟಿಗೆ ಕೊರತೆಯಾಗದು. ಕೆಲಸದ ಸ್ಥಳ ದೂರವಾಗುತ್ತದೆಂಬ ಆಕ್ಷೇಪ ಹತ್ತು ವರ್ಷಗಳ ಹಿಂದೆ ಬಲವಾಗಿತ್ತು. ಈಗ ವಿಜಯನಗರದಲ್ಲಿ ಹತ್ತಿದವರು ರೈಲು ಬದಲಿಸದೆ ವೈಟ್‌ಫೀಲ್ಡ್ ತಲುಪಬಹುದು. ಆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ಣಗೊಂಡಿತು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದಿಂದಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವವರು ಜಯನಗರದ ಆಸುಪಾಸಿನಲ್ಲಿ ಮನೆ ಮಾಡಬಹುದು. ಕಚೇರಿಗೆ ಹೋಗುವವರು ದಿನಕ್ಕೆರಡು ಬಾರಿ ಮೆಟ್ರೋದಲ್ಲಿ ನಿಂತು ಪಯಣಿಸಬೇಕಾಗುತ್ತದೆ, ನಿಜ. ಆದರೆ ಮನೆಯಲ್ಲಿ ಉಳಿಯುವ ಮೂವರು ದಿನವಿಡೀ ಎಲ್ಲಿರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ. ದುಡಿಯುವ ಒಬ್ಬರ ಅನುಕೂಲಕ್ಕಾಗಿ ಇಡೀ ಸಂಸಾರವನ್ನು ಹೆದ್ದಾರಿಯ ಬದಿಗೆ ಒಯ್ದು ಇರಿಸುವುದು ನ್ಯಾಯವೆನಿಸದು. ಮೂರು ಕೋಣೆಗಳ ಫ್ಲಾಟಿಗಿಂತ ನಡೆದಾಡಬಲ್ಲ ಓಣಿಯ ಎರಡು ಕೋಣೆಗಳ ಮನೆಯೇ ಮೇಲು.

ಓಣಿಯನ್ನು ನೋಡುವ ಬಗೆ ಹೇಗೆ? ದಲ್ಲಾಳಿಯ ಜೊತೆ ನೋಡಿದರೆ ಸಾಲದು. ಅವರು ಹನ್ನೊಂದು ಗಂಟೆಗೆ, ಬೀದಿ ಖಾಲಿ ಇರುವಾಗ ಕರೆದೊಯ್ಯುತ್ತಾರೆ. ಒಮ್ಮೆ ಬೆಳಗಿನ ಏಳಕ್ಕೆ, ಒಮ್ಮೆ ರಾತ್ರಿ ಎಂಟರ ನಂತರ ತಾವೇ ನಡೆದು ನೋಡಬೇಕು. ವಸತಿ ಪ್ರದೇಶದಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವಾದ ಜಾಗವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಪಾದಚಾರಿ ಮಾರ್ಗವು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿತು. ನೆಲದ ಮೇಲೆ ಕಾಣುವುದು ಮಾತ್ರ ಟ್ರಾನ್ಸ್‌ಫಾರ್ಮರ್, ಮರಳಿನ ರಾಶಿ, ಅಲುಗಾಡುವ ಚರಂಡಿಯ ಕಲ್ಲುಚಪ್ಪಡಿ. ಆದ್ದರಿಂದ ಅಳತೆಪಟ್ಟಿ ಹಿಡಿದು ಹೋಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ರಾತ್ರಿ ಎಂಟರ ಮೇಲೆ ಹೆಂಗಸರು ಒಬ್ಬೊಬ್ಬರೇ ನಡೆದು ಬರುತ್ತಿದ್ದಾರೆಯೆ? ಇಸ್ತ್ರಿ ಗಾಡಿ, ಹೂವಿನವರು, ಸೊಪ್ಪಿನವರು ಇದ್ದಾರೆಯೆ? ದೊಡ್ಡ ರಸ್ತೆ ದಾಟದೆ ಬಸ್ ನಿಲ್ದಾಣ ತಲುಪಬಹುದೆ? 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಆದರೆ ನಿಲ್ದಾಣದವರೆಗೆ ನಡೆಯಲಾಗದವರಿಗೆ ಉಚಿತ ಟಿಕೆಟ್ಟಿನಿಂದ ಏನು ಫಲ?

ಇಸ್ತ್ರಿ ಗಾಡಿಯ ಮಾತು ವಿನೋದಕ್ಕೆ ಆಡಿದ್ದಲ್ಲ. ದಿನವೂ ಏಳಕ್ಕೆ ಹಾಲಿಗೆ ಬರುವ ಅಜ್ಜ ಒಂಬತ್ತಾದರೂ ಕಾಣಲಿಲ್ಲವೆಂದು ಮೊದಲು ಗುರುತಿಸುವವರು ಮೂಲೆಯಲ್ಲಿ ನಿಂತಿರುವ ಅಂಥವರೇ. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ, ನಗರಗಳನ್ನು ಕುರಿತ ಪ್ರಸಿದ್ಧ ಗ್ರಂಥದಲ್ಲಿ ಬೀದಿಯ ಸುರಕ್ಷತೆಗೆ ಆಧಾರವಾಗಿ ಗುರುತಿಸಿದ್ದು ಅಂಗಡಿಯವರ, ನೆರೆಯವರ, ದಾರಿಹೋಕರ ಇಂಥ ಗಮನವನ್ನೇ. ಹಳ್ಳಿಯಿಂದ ಬಂದವರಿಗೆ ಇದನ್ನು ಅರಿಯಲು ಆ ಗ್ರಂಥದ ಅಗತ್ಯವಿಲ್ಲ.

ಇನ್ನು ‘ನಮ್ಮವರು’ ಎಂಬ ಪ್ರಶ್ನೆ. ಹೊಸ ಊರಿನಲ್ಲಿ ಪರಿಚಿತ ಮುಖಗಳನ್ನು, ಪರಿಚಿತ ಅಡುಗೆಯ ವಾಸನೆಯನ್ನು ಬಯಸುವುದು ತಪ್ಪಲ್ಲ. ಆದರೆ ಈ ಬಯಕೆ ಮನೆ ಕೊಡುವವರ ಬಾಯಲ್ಲಿ ‘ನೀವು ಯಾರ ಪೈಕಿ?’ ಎಂಬ ರೂಪವನ್ನು ತಾಳುತ್ತದೆ. ಗೇಟಿಗೆ ತೂಗುಹಾಕಿದ ಫಲಕದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಾಗುತ್ತದೆ. ಕಲಬುರಗಿಯ ಒಂದೇ ಕಾಲೇಜಿನಲ್ಲಿ ಓದಿ, ಒಂದೇ ಕಂಪನಿ ಸೇರಿ, ಒಂದೇ ಸಂಬಳ ಪಡೆಯುವ ಇಬ್ಬರು ಯುವಕರಲ್ಲಿ ಒಬ್ಬರಿಗೆ ಎರಡು ದಿನದಲ್ಲಿ ಮನೆ ಸಿಗುತ್ತದೆ. ದಲಿತರೋ ಮುಸಲ್ಮಾನರೋ ಆದ ಇನ್ನೊಬ್ಬರು ತಿಂಗಳುಗಟ್ಟಲೆ ಅಲೆಯುತ್ತಾರೆ. ಹೆಸರು ಹೇಳಿದೊಡನೆ ‘ಮನೆ ನಿನ್ನೆಯೇ ಹೋಯಿತು’ ಎಂಬ ಉತ್ತರ ಕೇಳುತ್ತಾರೆ. ಹಾಗೆ ಉತ್ತರ ಕೊಟ್ಟವರ ಹಣೆಯ ಮೇಲೆ ವಿಭೂತಿ ಇರುವುದೂ ಉಂಟು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಕಾನೂನು ಇಲ್ಲಿ ಹೆಚ್ಚು ನೆರವಾಗದು. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯದವರಿಗೆ ಮಾತ್ರ ಸೀಮಿತಗೊಳಿಸುವ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಹಾಗಾಗಿ ವಿಷಯ ಬಹುಮಟ್ಟಿಗೆ ಮನೆಯ ಯಜಮಾನರ ಅಂತಃಕರಣಕ್ಕೆ ಬಿಟ್ಟದ್ದಾಗಿದೆ. ಅಂತಃಕರಣದ ಮಾತು ಬಂದಾಗ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಾಗದೆ ಇರದು. ಅದೂ ವಲಸೆ ಬಂದವರಿಂದ ತುಂಬಿದ ಪಟ್ಟಣವೇ ಆಗಿತ್ತು. ಅಲ್ಲಮಪ್ರಭುಗಳು ಬಳ್ಳಿಗಾವಿಯಿಂದ, ಅಕ್ಕಮಹಾದೇವಿ ಉಡುತಡಿಯಿಂದ, ಸಿದ್ಧರಾಮರು ಸೊನ್ನಲಿಗೆಯಿಂದ ಬಂದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಸಮಗಾರ ಹರಳಯ್ಯ ಎಂಬ ಹೆಸರುಗಳಲ್ಲಿ ಅವರವರ ಕಾಯಕವೇ ಮೊದಲು ಕೇಳಿಬರುತ್ತದೆ. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ನೆಂಟಸ್ತಿಕೆ ಬೆಳೆದದ್ದಕ್ಕೆ ತೆತ್ತ ಬೆಲೆಯೇನೆಂದು ಭಕ್ತರೆಲ್ಲ ಬಲ್ಲರು. ಈ ಹೆಸರುಗಳನ್ನು ಬಸವ ಜಯಂತಿಯಂದು ಭಕ್ತಿಯಿಂದ ಸ್ಮರಿಸಿ, ಮರುದಿನ ಬಾಡಿಗೆಗೆ ಬಂದವರ ಕುಲವನ್ನು ವಿಚಾರಿಸುವವರು ಹರಳಯ್ಯನವರೇ ಬಂದು ಬಾಗಿಲು ತಟ್ಟಿದ್ದರೆ ಏನು ಹೇಳುತ್ತಿದ್ದರು?

ಆಹಾರದ ಆಕ್ಷೇಪಕ್ಕೆ ಒಂದಿಷ್ಟು ಅವಕಾಶ ಕೊಡಬಹುದು. ಒಂದೇ ಅಡುಗೆಮನೆಯನ್ನು ಹಂಚಿಕೊಳ್ಳಬೇಕಾದ ಕಡೆ ಮನೆಯೊಡತಿಯ ಸಂಕೋಚ ಅರ್ಥವಾಗುವಂಥದು. ಆದರೆ ಮೇಲಂತಸ್ತಿನಲ್ಲಿ ಬೇರೆ ಬಾಗಿಲು, ಬೇರೆ ಒಲೆ ಇರುವ ಸಂಸಾರ ಏನು ಬೇಯಿಸುತ್ತದೆಂಬ ವಿಚಾರಣೆ ವ್ರತಕ್ಕೆ ಸೇರಿದ್ದಲ್ಲ. ವ್ರತ ಪಾಲಿಸುವವರ ತಟ್ಟೆಯಲ್ಲಿರುತ್ತದೆ.

ಬಹುಜನರು ಕೂಡಿ ಬಾಳುವ ಕಡೆ ತಂಟೆಯೇ ಬರುವುದಿಲ್ಲವೆಂದರೆ ಸುಳ್ಳಾದೀತು. ಚಾಮರಾಜಪೇಟೆಯ ಈದ್ಗಾ ಮೈದಾನದ ವಿವಾದ 2022ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಯಥಾಸ್ಥಿತಿ ಕಾಯ್ದುಕೊಳ್ಳಬೇಕೆಂಬ ಆದೇಶವಾಯಿತು. ಧ್ವನಿವರ್ಧಕಕ್ಕೆ, ನಲ್ಲಿಯ ನೀರಿಗೆ, ಗಾಡಿ ನಿಲ್ಲಿಸುವುದಕ್ಕೆ ಜಗಳಗಳಾಗುತ್ತವೆ. ಆದರೆ ಹೆಸರು ಬಲ್ಲ ನೆರೆಯವರ ಜೊತೆಗಿನ ಜಗಳಕ್ಕೂ, ಕಾಂಪೌಂಡಿನ ಆಚೆಗಿರುವ ಅಪರಿಚಿತರ ಮೇಲಿನ ಭೀತಿಗೂ ವ್ಯತ್ಯಾಸವಿದೆ. ಮೊದಲನೆಯದು ಹಬ್ಬದ ದಿನ ತಟ್ಟೆ ಕಳಿಸಿದಾಗ ತಣ್ಣಗಾಗಬಹುದು. ಎರಡನೆಯದು ಭೇಟಿಯೇ ಇಲ್ಲದ್ದರಿಂದ ಬೆಳೆಯುತ್ತಲೇ ಹೋಗುತ್ತದೆ.

ಕನ್ನಡದ ಚಿಂತೆಯುಳ್ಳವರು ಗಮನಿಸಬೇಕಾದ ಸಂಗತಿಯೊಂದು ಇದರೊಳಗೇ ಇದೆ. ಎತ್ತರದ ಕಾಂಪೌಂಡುಗಳೊಳಗೆ ಮಕ್ಕಳು ಆಡುವಾಗ ಇಂಗ್ಲಿಷ್ ಅಥವಾ ಹಿಂದಿಯೇ ಕೇಳಿಬರುವುದು ಹೆಚ್ಚು; ಧಾರವಾಡದ ಮಗು ಆರು ತಿಂಗಳಲ್ಲಿ ಅಜ್ಜನಿಗೆ ‘ಬಾಯ್’ ಹೇಳಲು ಕಲಿಯುತ್ತದೆ. ನಡೆದಾಡುವ ಓಣಿಯಲ್ಲಿ ತಮಿಳು ಮನೆಮಾತಿನ ಹೂವಿನವರೂ, ಉರ್ದು ಮನೆಮಾತಿನ ಸೈಕಲ್ ರಿಪೇರಿಯವರೂ, ತೆಲುಗು ಮನೆಮಾತಿನ ದಿನಸಿಯವರೂ ಒಬ್ಬರೊಡನೊಬ್ಬರು ವ್ಯವಹರಿಸುವುದು ಕನ್ನಡದಲ್ಲಿಯೇ. ಆ ಕನ್ನಡ ಶುದ್ಧವಾಗಿರಲಿಕ್ಕಿಲ್ಲ. ಧಾರವಾಡದ ಕಿವಿಗೆ ಅದು ವಿಚಿತ್ರವಾಗಿಯೂ ಕೇಳಿಸೀತು. ಆದರೆ ಜೀವಂತವಾಗಿದೆ.

ಮುಂಗಡದ ವಿಷಯ ಒಂದು ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ಬಂದದ್ದು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆಯಾದರೂ ಅದು ರಾಜ್ಯಗಳು ಅಳವಡಿಸಿಕೊಳ್ಳಲೆಂದು ಕೊಟ್ಟ ಮಾದರಿ ಮಾತ್ರ. ಅಷ್ಟು ಹಣ ಒಮ್ಮೆ ಕೈಬಿಟ್ಟ ಮೇಲೆ ಓಣಿ ಸರಿಯಿಲ್ಲವೆಂದು ಮನೆ ಬದಲಿಸುವುದು ಸುಲಭವಲ್ಲ. ಅಷ್ಟರಲ್ಲಿ ಮಗುವಿನ ಶಾಲೆಯ ಶುಲ್ಕವೂ ಕಟ್ಟಿ ಆಗಿರುತ್ತದೆ. ಆದ್ದರಿಂದ ಈ ಬಾರಿ ಮನೆ ನೋಡಲು ಹೊರಟವರು ಅಜ್ಜಿಯವರನ್ನೂ ಜೊತೆಗೆ ಕರೆದೊಯ್ಯಲಿ. ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ, ಒಂದು ಕಟ್ಟು ಮೆಂತ್ಯ ತರುವಂತೆ ಅವರ ಕೈಗೆ ಚೀಲ ಕೊಟ್ಟು, ಉಳಿದವರು ಗೇಟಿನ ಬಳಿಯೇ ನಿಲ್ಲಲಿ. ಅವರು ಎಷ್ಟು ಹೊತ್ತಿಗೆ ಮರಳುತ್ತಾರೆ, ದಾರಿಯಲ್ಲಿ ಯಾರನ್ನು ಮಾತನಾಡಿಸಿಕೊಂಡು ಬರುತ್ತಾರೆ ಎಂಬುದನ್ನು ನೋಡಿದ ಮೇಲೆ ಮುಂಗಡದ ಮಾತನ್ನು ಎತ್ತಬಹುದು.