ವಾರ್ತೆಯೂ ವೃತ್ತಿಯೂ

ವಾರ್ತೆ ಎಂಬ ಮಾತಿಗೆ ಈಗ ನಾವೆಲ್ಲರೂ ಸುದ್ದಿ ಎಂಬ ಅರ್ಥವನ್ನೇ ಹೇಳುತ್ತೇವೆ. ಪ್ರಾಚೀನರ ಬಳಕೆಯಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವುಂಟು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜನು ಕಲಿಯತಕ್ಕ ವಿದ್ಯೆಗಳನ್ನು ಆನ್ವೀಕ್ಷಿಕೀ, ತ್ರಯೀ, ವಾರ್ತಾ, ದಂಡನೀತಿ ಎಂದು ನಾಲ್ಕಾಗಿ ಎಣಿಸಿ, ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ವಾರ್ತೆಯೆಂಬ ಹೆಸರಿನಲ್ಲಿ ಸೇರಿಸಿರುವನು. ವೃತ್ತಿಯೆಂದರೆ ಜೀವನೋಪಾಯ, ಅದಕ್ಕೆ ಸಂಬಂಧಿಸಿದ್ದೇ ವಾರ್ತೆ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥವು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳವರ ಶ್ರಮದಿಂದಾಗಿ ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ಮತ್ತೆ ದೊರೆಯಿತು. ಜನರು ಹೇಗೆ ಹೊಟ್ಟೆ ಹೊರೆಯುತ್ತಾರೆಂಬ ವಿದ್ಯೆಗೂ, ಊರಿನಲ್ಲಿ ಏನಾಯಿತೆಂಬ ಸುದ್ದಿಗೂ ಒಂದೇ ಹೆಸರಿರುವುದು ಯೋಚಿಸತಕ್ಕ ವಿಷಯ. ಚುನಾವಣೆಯ ಕಾಲದಲ್ಲಿ ಈ ಎರಡು ಅರ್ಥಗಳು ಒಂದನ್ನೊಂದು ಅಗಲಿದರೆ ಏನಾಗುವುದೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಚುನಾವಣೆ ಬಂತೆಂದರೆ ನಮ್ಮ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ರಾಜಕೀಯದ ಪಾರಾಯಣವೇ ನಡೆಯುವುದು. ಬೆಳಗಿನ ಕಾಫಿಯೊಡನೆ ಎರಡು ಪತ್ರಿಕೆಗಳು, ಮಧ್ಯಾಹ್ನ ಮೊಬೈಲಿಗೆ ಬಂದ ಸಂದೇಶಗಳು, ರಾತ್ರಿ ಟೀವಿಯ ಚರ್ಚೆ. ಇಷ್ಟನ್ನೂ ಮುಗಿಸಿದ ಗೃಹಸ್ಥನು ನಾಡಿನ ನಾಡಿಯನ್ನೇ ಹಿಡಿದು ನೋಡಿದ ವೈದ್ಯನಂತೆ ಮಾತನಾಡುವನು. ಎಣಿಕೆಯ ದಿನ ಬೇರೆಯೇ ಫಲ ಬಂದರೆ ಆತನಿಗೆ ಬೆರಗು. ಆತನಿಗೆ ಸುದ್ದಿ ಹೇಳಿದವರಿಗೂ ಅಷ್ಟೇ ಬೆರಗು. ಈ ಬೆರಗು ಯಾವ ಒಂದು ಪಕ್ಷದ ಸ್ವತ್ತೂ ಅಲ್ಲ, ಯಾವ ಒಂದು ಕಾಲದ್ದೂ ಅಲ್ಲ.

೧೯೭೭ರ ಲೋಕಸಭಾ ಚುನಾವಣೆಯನ್ನು ಹಿರಿಯ ವಾಚಕರು ಮರೆತಿರಲಾರರು. ತುರ್ತುಪರಿಸ್ಥಿತಿಯ ತರುವಾಯ ಉತ್ತರ ದೇಶದಲ್ಲಿ ಕಾಂಗ್ರೆಸ್ಸು ನೆಲಕಚ್ಚಿತು. ಬಸವನಗುಡಿಯನ್ನು ಒಳಗೊಂಡ ಬೆಂಗಳೂರು ದಕ್ಷಿಣ ಕ್ಷೇತ್ರವೂ ಜನತಾ ಪಕ್ಷದ ಕೆ. ಎಸ್. ಹೆಗ್ಡೆಯವರನ್ನು ಆರಿಸಿ ಕಳುಹಿಸಿತು. ನಮ್ಮ ಜಗಲಿಯಿಂದ ನೋಡಿದವರಿಗೆ ಕರ್ನಾಟಕವೆಲ್ಲ ಹೀಗೆಯೇ ಎಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ರಾಜ್ಯದ ೨೮ ಸ್ಥಾನಗಳಲ್ಲಿ ೨೬ ಕಾಂಗ್ರೆಸ್ಸಿಗೇ ಹೋದುವು. ಮರುವರ್ಷ, ೧೯೭೮ರ ಫೆಬ್ರವರಿಯಲ್ಲಿ, ಹುಟ್ಟಿ ಕೆಲವೇ ವಾರಗಳಾಗಿದ್ದ ಇಂದಿರಾ ಕಾಂಗ್ರೆಸ್ಸು ದೇವರಾಜ ಅರಸರ ಮುಂದಾಳುತನದಲ್ಲಿ ವಿಧಾನಸಭೆಯ ೨೨೪ ಸ್ಥಾನಗಳಲ್ಲಿ ೧೪೯ನ್ನು ಗೆದ್ದಿತು. ಪತ್ರಿಕೆಗಳು ಆಗ ಷಾ ಆಯೋಗದ ವಿಚಾರಣೆಯನ್ನು ಬರೆಯುತ್ತಿದ್ದುವು. ಬರೆಯತಕ್ಕದ್ದೇ ಆಗಿತ್ತು, ಏಕೆಂದರೆ ಸ್ವಾತಂತ್ರ್ಯಹರಣವು ಅಲ್ಪವಿಷಯವಲ್ಲ. ಆದರೆ ಹಳ್ಳಿಯ ಗೇಣಿದಾರನ ಮನೆಯಲ್ಲಿ ನಡೆಯುತ್ತಿದ್ದ ಮಾತು ಬೇರೆ. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಆತನು ಉಳುತ್ತಿದ್ದ ಹೊಲವು ಆತನದೇ ಆಗುವ ಸಂಭವ ಒದಗಿತ್ತು. ಭೂನ್ಯಾಯಮಂಡಳಿಯ ಮುಂದೆ ಆತನ ಅರ್ಜಿಯಿತ್ತು. ಆತನಿಗೆ ಅದಕ್ಕಿಂತ ದೊಡ್ಡ ವಾರ್ತೆ ಯಾವುದು? ಆತನು ಪತ್ರಿಕೆ ಕೊಳ್ಳುವವನಲ್ಲ. ಆದುದರಿಂದ ಆತನ ವಾರ್ತೆಯೂ ಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿ ಬರಲಿಲ್ಲ.

ಹಾಗಾದರೆ ಮತದಾರನು ಒಂದು ಕಡೆ ಒಲಿದರೆ ಅಲ್ಲಿಯೇ ನಿಲ್ಲುವನೆನ್ನೋಣವೆ? ಅದೂ ಸಲ್ಲದು. ೧೯೮೪ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ, ಕರ್ನಾಟಕವು ಲೋಕಸಭೆಯ ೨೮ ಸ್ಥಾನಗಳಲ್ಲಿ ೨೪ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮುಖ್ಯಮಂತ್ರಿಗಳಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ಇದನ್ನು ತಮ್ಮ ಸೋಲೆಂದು ಭಾವಿಸಿ ರಾಜೀನಾಮೆಯಿತ್ತು ಹೊಸ ಚುನಾವಣೆಯನ್ನು ಬಯಸಿದರು. ೧೯೮೫ರ ಮಾರ್ಚಿಯಲ್ಲಿ ಅದೇ ಜನರು ಅದೇ ಮತಗಟ್ಟೆಗಳಿಗೆ ಹೋಗಿ ಜನತಾ ಪಕ್ಷಕ್ಕೆ ೧೩೯ ಸ್ಥಾನಗಳನ್ನಿತ್ತರು. ಮೂರು ತಿಂಗಳೊಳಗೆ ಜನರ ಬುದ್ಧಿ ಕೆಟ್ಟು ಮತ್ತೆ ನೆಟ್ಟಗಾಯಿತೆಂದು ಹೇಳುವುದು ಹುಡುಗಾಟಿಕೆ. ಎರಡು ಬಾರಿ ಎರಡು ಬೇರೆ ಪ್ರಶ್ನೆಗಳನ್ನು ಕೇಳಲಾಯಿತು. ಮತದಾರನು ಎರಡು ಬೇರೆ ಉತ್ತರಗಳನ್ನು ಕೊಟ್ಟನು. ಆತನ ವಿವೇಚನೆ ಪಂಡಿತರ ವಿವೇಚನೆಗಿಂತ ಸೂಕ್ಷ್ಮವಾಗಿತ್ತು.

ಮೂರನೆಯ ನಿದರ್ಶನವು ನಮ್ಮ ನಗರಕ್ಕೇ ಸಂಬಂಧಿಸಿದ್ದು. ೨೦೦೪ಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಬೆಂಗಳೂರಿನ ಗಣಕೋದ್ಯಮದ ಕೀರ್ತಿ ಸಮುದ್ರದಾಚೆಗೂ ಹಬ್ಬಿತ್ತು. ನಗರವನ್ನು ಸಿಂಗಪುರದಂತೆ ಮಾಡುವ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ದೆಹಲಿಯ ಸರ್ಕಾರವಾದರೋ ಭಾರತವು ಪ್ರಕಾಶಿಸುತ್ತಿದೆಯೆಂದು ಪುಟಪುಟಗಳ ಜಾಹೀರಾತುಗಳನ್ನು ಹಾಕಿಸಿತು. ಅದೇ ವರ್ಷಗಳಲ್ಲಿ ಕರ್ನಾಟಕದ ಹೊಲಗಳ ಮೇಲೆ ಒಂದರ ಹಿಂದೊಂದು ಬರಗಾಲ ಬಂದಿತು. ಸಾಲ ತೀರಿಸಲಾರದೆ ರೈತರು ಪ್ರಾಣಬಿಟ್ಟರು. ಬರದ ಸುದ್ದಿ ಪತ್ರಿಕೆಗಳಲ್ಲಿ ಬರಲಿಲ್ಲವೆಂದು ನಾವು ಹೇಳುವುದಿಲ್ಲ. ಬಂದಿತು, ಆದರೆ ಅದು ಒಂದು ಪುಟದಲ್ಲಿ, ರಾಜಕೀಯದ ಭವಿಷ್ಯ ಇನ್ನೊಂದು ಪುಟದಲ್ಲಿ. ಎರಡು ಪುಟಗಳನ್ನೂ ಕೂಡಿಸಿ ಓದಿದವರು ವಿರಳ. ಫಲಿತಾಂಶದಲ್ಲಿ ರಾಜ್ಯವನ್ನಾಳುತ್ತಿದ್ದ ಕಾಂಗ್ರೆಸ್ಸು ವಿಧಾನಸಭೆಯಲ್ಲಿ ೧೩೨ರಿಂದ ೬೫ಕ್ಕೆ ಇಳಿಯಿತು. ದೇಶವನ್ನಾಳುತ್ತಿದ್ದ ಭಾರತೀಯ ಜನತಾ ಪಕ್ಷದ ಕೂಟವು ದೆಹಲಿಯಲ್ಲಿ ಅಧಿಕಾರವನ್ನು ಕಳೆದುಕೊಂಡಿತು.

ತೀರ ಈಚಿನದನ್ನೂ ನೋಡೋಣ. ೨೦೨೩ರ ವಿಧಾನಸಭಾ ಚುನಾವಣೆಗೆ ಮುಂಚೆ ಟೀವಿಯ ಚರ್ಚೆಗಳಲ್ಲಿ ಉಡುಪು, ಆಹಾರ, ದೇವರ ಹೆಸರು ಇವುಗಳ ಜಗಳವೇ ಹೆಚ್ಚಾಗಿತ್ತು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಬೆಲೆ ೧೧೦೦ ರೂಪಾಯಿ ದಾಟಿತ್ತು. ಕಾಂಗ್ರೆಸ್ಸಿಗೆ ೧೩೫ ಸ್ಥಾನಗಳು ದೊರೆತುವು. ಆಗ ಒಂದು ಗುಂಪಿನವರು, ಜನರು ಉಚಿತ ಬಸ್ಸಿಗೂ ಎರಡು ಸಾವಿರ ರೂಪಾಯಿಗೂ ತಮ್ಮನ್ನು ಮಾರಿಕೊಂಡರೆಂದು ಹಳಿದರು. ಇನ್ನೊಂದು ಗುಂಪಿನವರು, ಹಣ ಕೈಸೇರಿತಾದುದರಿಂದ ಹೆಂಗಸರ ಮತಗಳು ಇನ್ನು ನಮ್ಮವೇ ಎಂದು ನಂಬಿದರು. ೨೦೨೪ರಲ್ಲಿ ಅದೇ ಮತದಾರರು ಲೋಕಸಭೆಗೆ ಕಾಂಗ್ರೆಸ್ಸಿನಿಂದ ೯, ಭಾರತೀಯ ಜನತಾ ಪಕ್ಷದಿಂದ ೧೭, ಜನತಾದಳದಿಂದ ೨ ಮಂದಿಯನ್ನು ಕಳುಹಿಸಿ ಎರಡು ಗುಂಪುಗಳ ಮಾತನ್ನೂ ಸುಳ್ಳುಮಾಡಿದರು. ಅದೇ ವರ್ಷ ದೇಶದ ಮಟ್ಟದಲ್ಲಿ ಮತಗಟ್ಟೆ ಸಮೀಕ್ಷೆಗಳು ಆಳುವ ಕೂಟಕ್ಕೆ ೩೫೦ಕ್ಕೂ ಮೇಲ್ಪಟ್ಟು ಸ್ಥಾನಗಳನ್ನು ಹಂಚಿದ್ದುವು, ಬಂದದ್ದು ೨೯೩.

ಇದಕ್ಕೆ ಕಾರಣವೇನು? ಪತ್ರಿಕೆಯವರು ಬೇಕೆಂದೇ ಸುಳ್ಳಾಡುವರೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಬಹುಕಾಲ ಪಾಠ ಹೇಳಿದ ನಮಗೆ ಶಾಲೆಯ ಒಂದು ಹೋಲಿಕೆ ತೋರುತ್ತದೆ. ಉಪಾಧ್ಯಾಯನು ಮುಂದಿನ ಬೆಂಚಿನ ಮುಖಗಳನ್ನೇ ನೋಡುತ್ತ ಪಾಠಮಾಡಿದರೆ, ಅವರು ತಲೆದೂಗಿದಂತೆಲ್ಲ ತರಗತಿಗೆಲ್ಲ ತಿಳಿಯಿತೆಂದೇ ಆತನಿಗೆ ತೋರುವುದು. ಹಿಂದಿನ ಬೆಂಚಿನವರು ಮಾತಾಡುವುದಿಲ್ಲ. ಪರೀಕ್ಷೆಯ ದಿನ ಮಾತ್ರ ಅವರ ಸ್ಥಿತಿ ಹೊರಬೀಳುವುದು. ಪತ್ರಿಕೆಗೆ ಮುಂದಿನ ಬೆಂಚು ಯಾವುದು? ಚಂದಾದಾರರು, ಜಾಹೀರಾತು ಕೊಡುವವರು, ಪಕ್ಷಗಳ ವಕ್ತಾರರು, ಮತ್ತು ಇತರ ಪತ್ರಿಕೆಗಳು. ಇವರೆಲ್ಲ ಬಹುಮಟ್ಟಿಗೆ ನಗರದವರು. ೨೦೨೩ರಲ್ಲಿ ರಾಜ್ಯದ ಒಟ್ಟು ಮತದಾನವು ನೂರಕ್ಕೆ ೭೩ನ್ನು ದಾಟಿತು. ಬೆಂಗಳೂರಿನಲ್ಲಿ ಅದು ೫೪ರ ಸುಮಾರಿನಲ್ಲಿಯೇ ನಿಂತಿತು. ಎಲ್ಲಿ ಅತಿಯಾಗಿ ಮಾತು ನಡೆಯುವುದೋ ಅಲ್ಲಿಯೇ ಮತ ಕಡಿಮೆ.

ಬೇರೆಯ ದಾರಿಯೂ ಉಂಟೆಂಬುದನ್ನು ಇದೇ ಬಸವನಗುಡಿ ಕಂಡಿದೆ. ಪಿ. ಲಂಕೇಶರು ೧೯೮೦ರಲ್ಲಿ ಆರಂಭಿಸಿದ ಪತ್ರಿಕೆಯು ಜಾಹೀರಾತುಗಳನ್ನು ತೆಗೆದುಕೊಳ್ಳದೆ ಓದುಗರು ಕೊಡುವ ಕಾಸಿನಿಂದಲೇ ನಡೆಯಿತು. ಅದರ ಭಾಷೆಯ ಬಿರುಸನ್ನು ಮೆಚ್ಚದವರು ನಮ್ಮ ಬೀದಿಗಳಲ್ಲಿ ಬಹಳ ಮಂದಿ ಇದ್ದರು. ಆದರೂ ಬೇರೆಡೆ ಜಾಗ ಸಿಕ್ಕದ ದನಿಗಳಿಗೆ ಅದು ಜಾಗ ಕೊಟ್ಟಿತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದದ್ದು ಅದರಲ್ಲಿಯೇ. ೧೯೮೩ರಲ್ಲಿ ಗುಂಡೂರಾಯರ ಸರ್ಕಾರ ಸೋತು ರಾಜ್ಯದಲ್ಲಿ ಮೊದಲ ಬಾರಿ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ, ಆ ಪತ್ರಿಕೆಯ ಓದುಗರಿಗೆ ಅದು ಅಷ್ಟಾಗಿ ಬೆರಗೆನಿಸಿರಲಾರದು.

ಪತ್ರಿಕೆಯು ಜನಾಭಿಪ್ರಾಯವನ್ನು ತಿದ್ದಬೇಕೇ ಹೊರತು ಅದರ ಹಿಂದೆ ಹೋಗಬಾರದೆಂದು ಕೆಲವರು ಆಕ್ಷೇಪಿಸಬಹುದು. ಮಾತು ನಿಜ. ಪತ್ರಿಕಾವೃತ್ತಿಯಲ್ಲಿಯೇ ಪಳಗಿದ ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು ಪ್ರಜೆಗಳಿಗೆ ರಾಜ್ಯವಿಷಯದಲ್ಲಿ ತಿಳಿವಳಿಕೆ ಕೊಡಬೇಕೆಂದೇ ಅಲ್ಲವೆ? ಆದರೆ ಶಿಷ್ಯನು ಎಲ್ಲಿ ನಿಂತಿರುವನೆಂದು ತಿಳಿಯದವನು ಆತನನ್ನು ಮುಂದಕ್ಕೆ ಕರೆದೊಯ್ಯಲಾರನು. ಗೇಣಿಯ ಕಷ್ಟವನ್ನು ಅರಿತವನು ಸ್ವಾತಂತ್ರ್ಯದ ಮಾತನ್ನೂ ಗೇಣಿದಾರನಿಗೆ ತಿಳಿಯಹೇಳಬಲ್ಲನು.

ಇದರಿಂದ ಆಗುವ ಹಾನಿ ಭವಿಷ್ಯ ತಪ್ಪುವುದಷ್ಟೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಪಂಚಾಂಗದ ಮಳೆಯೂ ತಪ್ಪುವುದುಂಟು. ದೊಡ್ಡ ಹಾನಿಯು ತರುವಾಯ ಬರುವ ಬೈಗುಳದಲ್ಲಿದೆ. ಮತದಾರನು ಮೂಢ, ಕುಡುಕ, ಜಾತಿಗೆ ಜೋತುಬಿದ್ದವನು, ಕಾಸಿಗೆ ಸೋತವನು ಎಂದು ವರ್ಷಗಟ್ಟಲೆ ಕೇಳಿಸಿಕೊಂಡವನು ಪತ್ರಿಕೆಯು ನಿಜವಾದ ಅಪಾಯವನ್ನು ಎಚ್ಚರಿಸಿದಾಗಲೂ ನಂಬುವುದಿಲ್ಲ. ಯಾರು ಬರೆದರೆಂದೇ ತಿಳಿಯದ, ಮೊಬೈಲಿಗೆ ಬಂದ ಮಾತನ್ನು ನಂಬುತ್ತಾನೆ. ಮತವೆಂಬುದು ‘ಮನ್’ ಧಾತುವಿನಿಂದ ಬಂದ ಶಬ್ದ. ಯೋಚಿಸಿದ್ದು ಎಂದು ಅದರ ಅರ್ಥ. ಮತದಾರನು ಯೋಚಿಸಿಲ್ಲವೆಂದು ಮೊದಲೇ ತೀರ್ಮಾನಿಸಿದವರೊಡನೆ ಆತನು ಏನು ಮಾತನಾಡಿಯಾನು?

ಪತ್ರಿಕೆಗಳನ್ನು ತಿದ್ದುವ ಶಕ್ತಿ ಗೃಹಸ್ಥರಾದ ನಮ್ಮಲ್ಲಿಯೂ ಸ್ವಲ್ಪ ಇದೆ, ಏಕೆಂದರೆ ಕೊಳ್ಳುವವರು ನಾವು. ಯಾರು ಗೆಲ್ಲುವರೆಂಬ ಪುಟಕ್ಕಿಂತ ಮಳೆ, ಬೆಲೆ, ಕೂಲಿ, ಸಾಲಗಳ ಪುಟವನ್ನು ಮೊದಲು ಓದುವ ಅಭ್ಯಾಸ ಒಳ್ಳೆಯದು. ಗಾಂಧಿಬಜಾರಿನ ಹೂವಿನವಳೂ, ಪಾತ್ರೆ ತೊಳೆಯಲು ಬರುವಾಕೆಯೂ, ಮನೆಗೆ ಬಣ್ಣ ಹೊಡೆಯಲು ಬಂದ ರಾಯಚೂರಿನ ಕಡೆಯ ಹುಡುಗನೂ ಮತದಾರರೇ. ಯಾರಿಗೆ ಮತ ಹಾಕುವಿರೆಂದು ಅವರನ್ನು ಕೇಳುವುದು ಮರ್ಯಾದೆಯಲ್ಲ. ಈ ವರ್ಷ ಜೀವನ ಹೇಗೆ ಸಾಗಿತೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿಹಾಕದೆ ಕೇಳಿಸಿಕೊಂಡರೆ ಸಾಕು. ಆಮೇಲೆ ಮತದಾನದ ದಿನ ನಾವೂ ಸಕುಟುಂಬರಾಗಿ ಹೋಗಿ, ಅವರಂತೆಯೇ ಸಾಲಿನಲ್ಲಿ ನಿಂತು, ಮತ ಹಾಕಿ ಬರೋಣ.