ಬ್ರಿಟನ್ನಿನ ಹೋಟೆಲ್ ಬಿಲ್ಲಿಗೆ ಬಡದೇಶಗಳ ಹಣ

2023ರಲ್ಲಿ ಬ್ರಿಟನ್ ವಿದೇಶಿ ನೆರವಿನ ಲೆಕ್ಕದಲ್ಲಿ ತೋರಿಸಿದ್ದು ಸುಮಾರು 1,530 ಕೋಟಿ ಪೌಂಡ್. ಅದರಲ್ಲಿ 430 ಕೋಟಿಯಷ್ಟು ಹಣ ಆ ದೇಶದ ಗಡಿಯನ್ನೇ ದಾಟಲಿಲ್ಲ. ಆಶ್ರಯ ಕೋರಿ ಬಂದವರನ್ನು ತನ್ನ ನೆಲದಲ್ಲಿ ಇರಿಸಿಕೊಳ್ಳುವ ಖರ್ಚಿಗೆ, ಅದರಲ್ಲೂ ಹೋಟೆಲ್ ಕೋಣೆಗಳ ಬಾಡಿಗೆಗೆ, ಅದು ಹೋಯಿತು. ಮೊದಲ ಹನ್ನೆರಡು ತಿಂಗಳ ಇಂಥ ಖರ್ಚನ್ನು ನೆರವೆಂದು ಬರೆದುಕೊಳ್ಳಲು ದಾನಿ ದೇಶಗಳು ತಾವೇ ಮಾಡಿಕೊಂಡ ನಿಯಮದಲ್ಲಿ ಅವಕಾಶವಿದೆ. ಅವಕಾಶವಿದೆ ಎಂದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. ಆಶ್ರಯ ಕೊಡುವುದು ಬ್ರಿಟನ್ನಿನ ಕರ್ತವ್ಯ, ಕೊಡಲೇಬೇಕು. ಅದಕ್ಕೆ ಯೆಮೆನ್ನಿನ, ಮಲಾವಿಯ ಬಡವರ ಪಾಲಿಗೆ ಕೈ ಹಾಕಬಾರದು.

ಯೋಜನೆ ಎಂಬುದು ಮುರಿದು ಬೀಳುವುದೇ ಇಲ್ಲಿ. ನೆರವಿನ ಒಟ್ಟು ಮೊತ್ತಕ್ಕೆ ಮಿತಿ ಹಾಕಿದ ಮೇಲೆ ಗೃಹ ಇಲಾಖೆಯ ಬಿಲ್ಲು ಏರಿದಷ್ಟೂ ವಿದೇಶಾಂಗ ಇಲಾಖೆಯ ಕೈಯಲ್ಲಿ ಉಳಿಯುವುದು ಕಡಿಮೆ. 2022ರಲ್ಲಿ ಆ ಇಲಾಖೆ ತೀರಾ ಅಗತ್ಯವಲ್ಲದ ನೆರವನ್ನು ತಿಂಗಳುಗಟ್ಟಲೆ ತಡೆಹಿಡಿಯಬೇಕಾಯಿತು. ಶಾಲೆಯೋ ಲಸಿಕೆಯೋ ಐದು ವರ್ಷದ ಕೆಲಸ. ನಡುವೆ ಹಣ ನಿಂತರೆ ಅದುವರೆಗೆ ಮಾಡಿದ್ದೂ ಹಾಳು.

ನೆರವನ್ನು ಬೇರೆ ಉದ್ದೇಶಕ್ಕೆ ತಿರುಗಿಸಿದರೆ ಏನಾಗುತ್ತದೆಂದು ಬ್ರಿಟನ್ನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ ಅದು 23.4 ಕೋಟಿ ಪೌಂಡ್ ಕೊಡಲು ಹೊರಟಿತ್ತು. ಹಿಂದೆಯೇ ಶಸ್ತ್ರಾಸ್ತ್ರ ಮಾರಾಟದ ಮಾತುಕತೆಯಿತ್ತು. ನೆರವು ಇಲಾಖೆಯ ಮುಖ್ಯ ಅಧಿಕಾರಿ ಟಿಮ್ ಲ್ಯಾಂಕೆಸ್ಟರ್, ಇದು ದುಬಾರಿ ವಿದ್ಯುತ್ತು, ಮಂತ್ರಿಗಳು ಲಿಖಿತ ಆದೇಶ ಕೊಡದೆ ಹಣ ಬಿಡುಗಡೆ ಮಾಡುವುದಿಲ್ಲ ಎಂದು ಪಟ್ಟು ಹಿಡಿದರು. ಆದೇಶ ಬಂತು, ಹಣ ಹೋಯಿತು. 1994ರಲ್ಲಿ ಹೈಕೋರ್ಟ್ ಆ ನಿರ್ಧಾರ ಕಾನೂನುಬಾಹಿರ ಎಂದಿತು. 1997ರಲ್ಲಿ ನೆರವಿಗೆಂದೇ ಪ್ರತ್ಯೇಕ ಸಚಿವಾಲಯ ಬಂತು. ಅಭಿವೃದ್ಧಿ ನೆರವು ಬಡತನ ಕಡಿಮೆ ಮಾಡುವಂತಿರಬೇಕು ಎಂದು 2002ರ ಕಾಯ್ದೆ ಬರೆದಿಟ್ಟಿತು. ರಾಷ್ಟ್ರೀಯ ಆದಾಯದ ಶೇ 0.7ರಷ್ಟು ನೆರವು ಕೊಡುವುದು 2015ರಲ್ಲಿ ಕಾನೂನಾಯಿತು. ಇಷ್ಟೆಲ್ಲ ಕಟ್ಟಿದ ದೇಶವೇ 2020ರಲ್ಲಿ ಆ ಸಚಿವಾಲಯವನ್ನು ವಿದೇಶಾಂಗ ಇಲಾಖೆಯೊಳಗೆ ಕರಗಿಸಿತು, ಮರುವರ್ಷ ನೆರವನ್ನು ಶೇ 0.5ಕ್ಕೆ ಇಳಿಸಿತು. 2027ಕ್ಕೆ ಶೇ 0.3 ಎಂದು ಪ್ರಧಾನಿ ಕಿಯರ್ ಸ್ಟಾರ್ಮರ್ 2025ರ ಫೆಬ್ರುವರಿಯಲ್ಲಿ ಘೋಷಿಸಿದಾಗ ಅಭಿವೃದ್ಧಿ ಸಚಿವೆ ಆನೆಲೀಸ್ ಡಾಡ್ಸ್ ರಾಜೀನಾಮೆ ಕೊಟ್ಟರು.

ರಕ್ಷಣೆಗೆ ಹಣ ಬೇಕು ಎಂಬುದು ಸರ್ಕಾರದ ವಾದ. ಬೇಕು, ನಿಜ, ರಷ್ಯಾದ ಭಯ ಕಟ್ಟುಕತೆಯಲ್ಲ. ಹಾಗಿದ್ದರೆ ತನ್ನ ಮತದಾರರ ಮುಂದೆ ನಿಂತು ತೆರಿಗೆ ಕೇಳಲಿ. ನೆರವು ಕಡಿತದಿಂದ ಪೆಟ್ಟು ತಿನ್ನುವವರಿಗೆ ಬ್ರಿಟನ್ನಿನಲ್ಲಿ ಮತವಿಲ್ಲ; ಕತ್ತರಿ ಮೊದಲು ಅವರ ಮೇಲೆ ಬೀಳುವುದು ಅದಕ್ಕೇ. ಮಕ್ಕಳ ಲಸಿಕೆಗೆ ದುಡಿಯುವ ಗಾವಿಗೆ ಬ್ರಿಟನ್ ಈ ಹಿಂದೆ 165 ಕೋಟಿ ಪೌಂಡ್ ವಾಗ್ದಾನ ಮಾಡಿತ್ತು. 2025ರಲ್ಲಿ ಆ ಮೊತ್ತ 125 ಕೋಟಿಗೆ ಇಳಿದಿದೆ.

ಶೇ 0.7ಕ್ಕೆ ಮರಳುವುದು ನಾಳೆಯೇ ಆಗದಿರಬಹುದು. ಹೋಟೆಲ್ ಬಾಡಿಗೆಯನ್ನು ಗೃಹ ಇಲಾಖೆಯ ಸ್ವಂತ ಬಜೆಟ್ಟಿಗೆ ವರ್ಗಾಯಿಸಲು ಮಾತ್ರ ಯಾವ ಅಡ್ಡಿಯೂ ಇಲ್ಲ, ಸಂಸತ್ತು ಈ ವರ್ಷವೇ ಅದನ್ನು ಮಾಡಬಹುದು.